ಸೂಖ್ ವಾಕಿಫ್: ಹಳೇ ಪೇಟೆಯೋ, ಹೊಸ ಸೆಟ್ಟೋ?

ಪ್ರಶ್ನೆ: ನಾನು ಉಡುಪಿ ಕಡೆಯವನು. ನಾಲ್ಕು ವರ್ಷದಿಂದ ಕತಾರಿನ ದೋಹಾದಲ್ಲಿ ಕೆಲಸ. ರಜೆಯ ಸಂಜೆ ಹೆಂಡತಿ ಮಕ್ಕಳೊಂದಿಗೆ ಸೂಖ್ ವಾಕಿಫ್‌ಗೆ ಹೋಗುವುದು ನಮ್ಮ ರೂಢಿ. ಕಳೆದ ಚಳಿಗಾಲದಲ್ಲಿ ಅಮ್ಮ ಬಂದಿದ್ದಾಗ ಅವರನ್ನೂ ಕರೆದುಕೊಂಡು ಹೋದೆ. ಗೋಡೆಯನ್ನು ಮುಟ್ಟಿ ನೋಡಿ, "ಇದು ನಿಜವಾದ ಹಳೇ ಪೇಟೆಯಾ, ಸಿನಿಮಾಕ್ಕೆ ಹಾಕಿದ ಸೆಟ್ಟಾ?" ಎಂದು ಕೇಳಿದರು. ನನಗೆ ಹೇಳಲು ತಿಳಿಯಲಿಲ್ಲ. ಆಫೀಸಿನ ಒಬ್ಬರು "ಎಲ್ಲ 2006ರ ಸುಮಾರಿಗೆ ಕಟ್ಟಿದ್ದು, ಸಿಮೆಂಟಿನ ಮೇಲೆ ಮಣ್ಣು ಬಳಿದಿದ್ದಾರೆ" ಎನ್ನುತ್ತಾರೆ. ಇನ್ನೊಬ್ಬರು "ನೂರು ವರ್ಷಕ್ಕೂ ಹಳೆಯದು" ಎನ್ನುತ್ತಾರೆ. ಯಾರ ಮಾತು ಸರಿ? ಕೆಡವಿ ಕಟ್ಟಿದ ಮೇಲೆ ಅದನ್ನು ಹಳೆಯದು ಎನ್ನಬಹುದೇ?

ಉತ್ತರ: ನಿಮ್ಮ ಅಮ್ಮ ಕೇಳಿದ್ದನ್ನೇ ಕಟ್ಟಡ ಸಂರಕ್ಷಣೆಯ ಕೆಲಸದಲ್ಲಿರುವ ನಾವೂ ವರ್ಷಗಳಿಂದ ಕೇಳಿಕೊಳ್ಳುತ್ತಿದ್ದೇವೆ. ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಆ ಜಾಗ ಹಳೆಯದು, ಅಲ್ಲಿ ನಡೆಯುವ ವ್ಯಾಪಾರ ಹಳೆಯದು. ನಿಮ್ಮ ಕಣ್ಣಿಗೆ ಬೀಳುವ ಮೈ ಮಾತ್ರ ಬಹುಪಾಲು 2004ರಿಂದ 2008ರ ನಡುವೆ ರೂಪ ತಳೆದದ್ದು. ಹಾಗಂತ ಅದನ್ನು ಸೆಟ್ಟು ಎನ್ನಲು ನಾನು ಒಪ್ಪುವುದಿಲ್ಲ. ಕಾರಣ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹೆಸರಿನಿಂದಲೇ ಶುರು ಮಾಡೋಣ. ಅರಬ್ಬಿಯಲ್ಲಿ ಸೂಖ್ ಎಂದರೆ ಪೇಟೆ, ವಾಕಿಫ್ ಎಂದರೆ ನಿಂತಿರುವ. ನಮ್ಮ ಪತ್ರಿಕೆಗಳಲ್ಲಿ ದಿನವೂ ಕಾಣುವ ವಕ್ಫ್ ಎಂಬ ಪದವೂ ಅದೇ ಧಾತುವಿನಿಂದ ಬಂದದ್ದು. ಮಾರಾಟವಾಗದಂತೆ ನಿಲ್ಲಿಸಿಟ್ಟ ಆಸ್ತಿ ಎಂಬುದು ಅದರ ಅರ್ಥ. ಇದರಿಂದಾಗಿ ಕೆಲವರು ಸೂಖ್ ವಾಕಿಫ್ ಕೂಡ ವಕ್ಫ್ ಆಸ್ತಿಯ ಪೇಟೆ ಎಂದುಕೊಳ್ಳುತ್ತಾರೆ, ಹಾಗಲ್ಲ. ಇಲ್ಲಿ ನಿಂತವರು ವ್ಯಾಪಾರಿಗಳು. ವಾದಿ ಮುಶೈರಿಬ್ ಎಂಬ ಒಣಹಳ್ಳ ಸಮುದ್ರ ಸೇರುವ ಕಡೆ ಈ ಪೇಟೆ ಬೆಳೆಯಿತು. ಮಳೆ ಬಂದರೆ ಹಳ್ಳದ ನೀರು, ಭರತ ಬಂದರೆ ಕಡಲಿನ ನೀರು ನುಗ್ಗುತ್ತಿತ್ತು. ನೆಲದ ಮೇಲೆ ಸರಕು ಹರಡಿ ಕೂರುವಂತಿರಲಿಲ್ಲ, ನಿಂತೇ ಮಾರಬೇಕಿತ್ತು. ಹೆಸರಿನ ಹಿಂದೆ ಅಲ್ಲಿನ ಜನ ಹೇಳುತ್ತ ಬಂದಿರುವ ಕತೆ ಇದು. ನೆಲದ ಇಳಿಜಾರನ್ನು ನೋಡಿದರೆ ನನಗೂ ನಂಬುವಂತೆಯೇ ಕಾಣುತ್ತದೆ.

ಈಗ ನೀವು ಪೇಟೆಯಿಂದ ಸಮುದ್ರದ ದಂಡೆಗೆ ಹೋಗಬೇಕಾದರೆ ಅಗಲವಾದ ಕಾರ್ನಿಶ್ ರಸ್ತೆ ದಾಟಬೇಕು. ಆ ರಸ್ತೆ, ಆ ಹುಲ್ಲುಹಾಸು ಎಲ್ಲ 1970-80ರ ದಶಕಗಳಲ್ಲಿ ಕಡಲಿಗೆ ಮಣ್ಣು ತುಂಬಿ ಪಡೆದ ನೆಲ. ಅದಕ್ಕೆ ಮುಂಚೆ ಹಾಯಿಹಡಗುಗಳು ಪೇಟೆಯ ಬಾಗಿಲಿಗೇ ಬರುತ್ತಿದ್ದವು ಎನ್ನಬಹುದು. ಒಳನಾಡಿನ ಮರಳುಗಾಡಿನಿಂದ ಅಲೆಮಾರಿ ಬದೂಯಿನರು ಕುರಿ, ಮೇಕೆ, ಉಣ್ಣೆ, ತುಪ್ಪ ತಂದು ಮಾರಿ, ಅಕ್ಕಿ, ಬಟ್ಟೆ, ಕಾಫಿ ಕೊಂಡು ಹೋಗುತ್ತಿದ್ದರು. ಬೆಸ್ತರು ಮೀನು ತರುತ್ತಿದ್ದರು. ನಮ್ಮ ಸಂತೆಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆ ಕಾಲದ ದೋಹಾ ಬದುಕಿದ್ದು ಮುತ್ತಿನಿಂದ. ಬೇಸಿಗೆಯಲ್ಲಿ ಊರಿನ ಗಂಡಸರು ಹಡಗು ಹತ್ತಿ ಮುತ್ತಿನ ಚಿಪ್ಪಿಗಾಗಿ ಮುಳುಗಲು ಹೋಗುತ್ತಿದ್ದರು. ಸಿಕ್ಕಿದ ಮುತ್ತು ಬಹುಪಾಲು ಮುಂಬಯಿಗೆ ಹೋಗುತ್ತಿತ್ತು, ಅಲ್ಲಿಂದ ಅಕ್ಕಿ, ಮಸಾಲೆ, ಜವಳಿ ಬರುತ್ತಿದ್ದವು. ಹಡಗು ಕಟ್ಟಲು ಬೇಕಾದ ತೇಗವೂ ನಮ್ಮ ಪಶ್ಚಿಮ ಕರಾವಳಿಯದೇ, ಮುಖ್ಯವಾಗಿ ಮಲಬಾರಿನದು. 1966ರವರೆಗೆ ಸೂಖ್ ವಾಕಿಫ್‌ನಲ್ಲಿ ಚೌಕಾಸಿ ನಡೆಯುತ್ತಿದ್ದದ್ದು ರೂಪಾಯಿ ಲೆಕ್ಕದಲ್ಲಿ ಎಂಬುದನ್ನು ನಿಮ್ಮ ಮಕ್ಕಳಿಗೆ ಹೇಳಿ, ಬೆರಗಾಗುತ್ತಾರೆ. ಮೊದಲು ಭಾರತದ ಮಾಮೂಲಿ ರೂಪಾಯಿಯೇ ಚಲಾವಣೆಯಲ್ಲಿತ್ತು. 1959ರಿಂದ ಕೊಲ್ಲಿ ನಾಡುಗಳಿಗೆಂದೇ ನಮ್ಮ ರಿಸರ್ವ್ ಬ್ಯಾಂಕ್ ಬೇರೆ ಬಣ್ಣದ ನೋಟು ಅಚ್ಚು ಹಾಕಿತು. 1966ರ ಜೂನ್‌ನಲ್ಲಿ ರೂಪಾಯಿಯ ಬೆಲೆ ಇಳಿಸಿದಾಗ ಕತಾರ್ ಅದನ್ನು ಕೈಬಿಟ್ಟಿತು.

ಜಪಾನಿನ ಸಾಕಿದ ಮುತ್ತು ಮಾರುಕಟ್ಟೆಗೆ ಬಂದು, 1929ರ ಜಾಗತಿಕ ಆರ್ಥಿಕ ಕುಸಿತವೂ ಸೇರಿಕೊಂಡ ಮೇಲೆ ಮುತ್ತಿನ ವ್ಯಾಪಾರ ನೆಲಕಚ್ಚಿತು. ಕತಾರಿನ ಪಶ್ಚಿಮ ದಂಡೆಯ ದುಖಾನ್‌ನಲ್ಲಿ 1939-40ರ ಹೊತ್ತಿಗೆ ತೈಲ ಸಿಕ್ಕಿತಾದರೂ ಮಹಾಯುದ್ಧದಿಂದ ಕೆಲಸ ನಿಂತುಹೋಯಿತು. 1949ರ ಕೊನೆಗೆ ಮೊದಲ ಬಾರಿಗೆ ತೈಲ ಹೊರದೇಶಕ್ಕೆ ಹೋಯಿತು. ನಡುವಿನ ವರ್ಷಗಳಲ್ಲಿ ಹಸಿವಿನಿಂದ ಊರು ಬಿಟ್ಟು ಹೋದವರು ಬಹಳ ಮಂದಿ. ಪೇಟೆ ಆ ಬರಗಾಲವನ್ನೂ ಕಂಡಿದೆ.

ತೈಲದ ಹಣ ಬಂದ ಮೇಲೆ ಪೇಟೆಯ ಮೈ ಬದಲಾಯಿತು. ಮಣ್ಣಿನ ಗೋಡೆಗೆ ಸಿಮೆಂಟು ಬಂತು, ಮಣ್ಣಿನ ಮಾಳಿಗೆಯ ಮೇಲೆ ತಗಡು ಬಂತು, ಅಲ್ಲಲ್ಲಿ ಕಾಂಕ್ರೀಟಿನ ಮಹಡಿ ಎದ್ದಿತು. ಆಮೇಲೆ ಹವಾನಿಯಂತ್ರಿತ ಮಾಲುಗಳು ಬಂದವು, ಗಿರಾಕಿಗಳು ಆ ಕಡೆ ತಿರುಗಿದರು. 1990ರ ದಶಕದಲ್ಲಿ ಪೇಟೆ ಸೊರಗಿತ್ತು. 2003ರಲ್ಲಿ ಬೆಂಕಿ ಬಿದ್ದು ದೊಡ್ಡ ಭಾಗ ಸುಟ್ಟುಹೋಯಿತು. ಬೇರೆ ಯಾವ ಕೊಲ್ಲಿ ನಗರದಲ್ಲಾದರೂ ಆ ಜಾಗದಲ್ಲಿ ಗಾಜಿನ ಗೋಪುರ ಏಳುತ್ತಿತ್ತು. ಇಲ್ಲಿ ಹಾಗಾಗಲಿಲ್ಲ. ಆಗ ಕತಾರಿನ ದೊರೆ, ಅಂದರೆ ಅಮೀರ್ ಆಗಿದ್ದ ಶೇಖ್ ಹಮದ್ ಬಿನ್ ಖಲೀಫಾ ಅವರ ಕಚೇರಿಯ ಎಂಜಿನಿಯರಿಂಗ್ ವಿಭಾಗ ಪೇಟೆಯನ್ನು ಮತ್ತೆ ಎತ್ತಿ ನಿಲ್ಲಿಸುವ ಕೆಲಸಕ್ಕೆ ಕೈಹಾಕಿತು. ಹೊಣೆ ಹೊತ್ತವರು ಮೊಹಮ್ಮದ್ ಅಲಿ ಅಬ್ದುಲ್ಲಾ ಎಂಬ ಕತಾರಿ ಕಲಾವಿದರು. ಸುಮಾರು 1,64,000 ಚದರ ಮೀಟರ್ ವಿಸ್ತಾರದ ಆ ಕೆಲಸ 2010ರ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿಯ ಅಂತಿಮ ಪಟ್ಟಿಯವರೆಗೆ ಹೋಯಿತು.

ಅವರು ಮಾಡಿದ್ದೇನು? 1950ರ ದಶಕದ ನಂತರ ಎದ್ದ ಕಟ್ಟಡಗಳನ್ನು ಕೆಡವಿದರು. ಅದಕ್ಕೂ ಹಳೆಯವನ್ನು ಉಳಿಸಿಕೊಂಡು ದುರಸ್ತಿ ಮಾಡಿದರು. ಕೆಡವಿದ ಜಾಗದಲ್ಲಿ ಹಳೆಯ ಮಾದರಿಯಲ್ಲೇ ಹೊಸದಾಗಿ ಕಟ್ಟಿದರು. ತಗಡು ಕಿತ್ತು ಹಾಕಿ ಮತ್ತೆ ಮರ, ಬಿದಿರು, ಮಣ್ಣು, ಹುಲ್ಲಿನ ಮಾಳಿಗೆ ಹೊದಿಸಿದರು. ಬೀದಿಗಳಿಗೆ ಹೊಸದಾಗಿ ದೀಪದ ವ್ಯವಸ್ಥೆ ಮಾಡಿದರು. ಎಂದರೆ ನೀವು ನಡೆಯುವ ಗಲ್ಲಿಯ ಒಂದು ಪಕ್ಕದ ಗೋಡೆಗೆ ಎಂಬತ್ತು ವರ್ಷವಾಗಿರಬಹುದು, ಎದುರಿನ ಗೋಡೆಗೆ ಇಪ್ಪತ್ತರ ಆಸುಪಾಸು ಅಷ್ಟೇ. ಎರಡಕ್ಕೂ ಒಂದೇ ಮಣ್ಣಿನ ಲೇಪ. ನಿಮ್ಮ ಅಮ್ಮನಿಗೆ ಗೊಂದಲವಾದದ್ದು ಸಹಜವೇ. ಎರಡನ್ನೂ ಕಣ್ಣಿಗೆ ಬೇರೆ ಮಾಡಿ ತೋರಿಸುವ ಗುರುತು ಅಲ್ಲಿ ಸಾಲದು. ಇದು ನನ್ನ ಮೊದಲ ಆಕ್ಷೇಪ.

ಆ ಮಾಳಿಗೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಇಡೀ ಪೇಟೆಯ ಗುಟ್ಟು ಅದರಲ್ಲಿದೆ. ಮುಂದಿನ ಸಲ ಹೋದಾಗ ಚಿಕ್ಕ ಅಂಗಡಿಯೊಂದರ ಒಳಗೆ ನಿಂತು ಕತ್ತೆತ್ತಿ ನೋಡಿ. ಗೋಡೆಯಿಂದ ಗೋಡೆಗೆ ಸಾಲಾಗಿ ದುಂಡನೆಯ ಗಳುಗಳು ಕಾಣುತ್ತವೆ. ದನ್ಶಲ್ ಎಂದು ಅವುಗಳ ಹೆಸರು. ಅವು ಕಾಂಡ್ಲಾ ಮರದವು, ನಿಮ್ಮೂರಿನ ಹಿನ್ನೀರಿನಲ್ಲಿ ಬೇರು ಮೇಲಕ್ಕೆತ್ತಿ ನಿಲ್ಲುವ ಅದೇ ಜಾತಿ. ಕಟ್ಟಡಕ್ಕೆ ಬೇಕಾದ ಮರ ಸಿಗದ ಕತಾರಿಗೆ ಅವು ಪೂರ್ವ ಆಫ್ರಿಕಾದ ಲಾಮು, ರುಫಿಜಿ ಕಡೆಯಿಂದ ಹಾಯಿಹಡಗಿನಲ್ಲಿ ಬರುತ್ತಿದ್ದವು. ಗಳುವಿನ ಉದ್ದ ಮೂರು ಮೀಟರಿನ ಆಸುಪಾಸು. ಆದ್ದರಿಂದ ಕೋಣೆಯ ಅಗಲವೂ ಅಷ್ಟಕ್ಕೇ ನಿಂತಿತು. ಎಲ್ಲೋ ಆಫ್ರಿಕಾದ ಅಳಿವೆಯಲ್ಲಿ ಬೆಳೆದ ಒಂದು ಮರ ದೋಹಾದ ಅಂಗಡಿ ಎಷ್ಟು ಅಗಲವಿರಬೇಕೆಂದು ತೀರ್ಮಾನಿಸಿತು. ನೀವು ನಿಂತ ಅಂಗಡಿ ಉದ್ದಕ್ಕೆ, ಇಕ್ಕಟ್ಟಾಗಿ ಒಳಕ್ಕೆ ಹೋಗಿದ್ದರೆ ಅದು ಹಳೆಯ ಅಳತೆಯನ್ನು ಪಾಲಿಸಿದೆ ಎಂದು ತಿಳಿಯಿರಿ. ಕಂಬವಿಲ್ಲದೆ ಎಂಟು ಹತ್ತು ಮೀಟರ್ ಅಗಲವಾಗಿದ್ದರೆ ಮಣ್ಣಿನ ಹಿಂದೆ ಕಾಂಕ್ರೀಟು ಇರಲೇಬೇಕು.

ಗಳುವಿನ ಮೇಲೆ ಸೀಳಿದ ಬಿದಿರನ್ನು ಹೆಣೆದು ಹಾಸುತ್ತಾರೆ. ಅದರ ಮೇಲೆ ಚಾಪೆ. ಚಾಪೆಯ ಮೇಲೆ ಹುಲ್ಲು ಕಲಸಿದ ಮಣ್ಣಿನ ದಪ್ಪ ಪದರ. ಬಳ್ಳಾರಿ, ಚಿತ್ರದುರ್ಗ ಸೀಮೆಯ ಮಾಳಿಗೆ ಮನೆ ಕಂಡವರು ಇದನ್ನು ಕೂಡಲೇ ಗುರುತಿಸುತ್ತಾರೆ. ತೊಲೆ, ಜಂತೆ, ಅದರ ಮೇಲೆ ಸೊಪ್ಪು ಸದೆ, ಮೇಲೆ ಕರಲು ಮಣ್ಣು. ಮಳೆ ಕಡಿಮೆ, ಬಿಸಿಲು ವಿಪರೀತ ಇರುವ ಎರಡು ನಾಡುಗಳು ಒಂದನ್ನೊಂದು ಕೇಳದೆಯೇ ಒಂದೇ ಉತ್ತರ ಕಂಡುಕೊಂಡಿವೆ. ದೋಹಾದಲ್ಲಿ ವರ್ಷಕ್ಕೆ ಬೀಳುವುದು ಸರಾಸರಿ 75 ಮಿಲಿಮೀಟರ್ ಮಳೆ. ಉಡುಪಿಯಲ್ಲಿ ಆಷಾಢದ ಒಂದೇ ದಿನ ಅಷ್ಟು ಸುರಿದೀತು. ಆ ಅಲ್ಪ ಮಳೆಯೂ ಬಂದರೆ ಸುರಿದೇ ಬರುತ್ತದೆ, ಮಣ್ಣಿನ ಮಾಳಿಗೆಯನ್ನು ಕರಗಿಸಬಲ್ಲದು. ಅದಕ್ಕೇ ಗೋಡೆಯ ಮೇಲ್ತುದಿಯಿಂದ ಬೀದಿಯ ಕಡೆಗೆ ಮರದ ದೋಣಿಗಳು ಚಾಚಿಕೊಂಡಿರುತ್ತವೆ, ನೀರನ್ನು ಗೋಡೆಗೆ ತಾಗದಂತೆ ದೂರ ಚೆಲ್ಲಲು. ಪ್ರವಾಸಿಗರು ಅವನ್ನು ಅಲಂಕಾರವೆಂದು ಭಾವಿಸಿ ಫೋಟೋ ತೆಗೆದುಕೊಳ್ಳುತ್ತಾರೆ.

ಗೋಡೆಯೂ ಅಷ್ಟೇ. ಸಮುದ್ರ ದಂಡೆಯಿಂದ ಎಬ್ಬಿದ ಒರಟು ಕಲ್ಲು, ಮಣ್ಣಿನ ಗಾರೆ, ಮೇಲೆ ಮಣ್ಣಿನದೋ ಜಿಪ್ಸಮ್ಮಿನದೋ ಲೇಪ. ಸುಣ್ಣದಂತೆ ಬಿಳಿಯಾದ ಆ ಜಿಪ್ಸಮ್ ಗಾರೆಗೆ ಜುಸ್ಸ್ ಎನ್ನುತ್ತಾರೆ. ಕಲ್ಲಿನಲ್ಲಿ ಉಪ್ಪು ಇರುತ್ತದೆ. ನೆಲದ ತೇವ ಮೇಲೇರಿ ಉಪ್ಪನ್ನು ಹೊರಗೆ ತಳ್ಳುತ್ತದೆ. ಮಣ್ಣಿನ ಲೇಪವಾದರೆ ಉಸಿರಾಡುತ್ತದೆ, ಉಪ್ಪು ಲೇಪದೊಂದಿಗೆ ಉದುರುತ್ತದೆ, ಮತ್ತೆ ಬಳಿದರಾಯಿತು. ಸಿಮೆಂಟು ಬಳಿದರೆ ಉಪ್ಪು ಒಳಗೇ ಸಿಕ್ಕಿಕೊಂಡು ಕಲ್ಲನ್ನೇ ತಿನ್ನುತ್ತದೆ. ತೈಲದ ದಿನಗಳಲ್ಲಿ ಗಟ್ಟಿಯಾಗಲಿ ಎಂದು ಬಳಿದ ಸಿಮೆಂಟೇ ಇಂಥ ಗೋಡೆಗಳಿಗೆ ಮುಳುವಾಗುತ್ತದೆ. ಹಳೆಯ ಕಟ್ಟಡದ ಸಿಮೆಂಟ್ ಲೇಪ ಕಿತ್ತು ಮಣ್ಣು ಬಳಿಯುವುದು ಚಂದಕ್ಕಾಗಿ ಮಾತ್ರ ಮಾಡುವ ಕೆಲಸವಲ್ಲ, ಅದು ಚಿಕಿತ್ಸೆ. ನಮ್ಮ ಕರಾವಳಿಯ ಮುರಕಲ್ಲಿನ ಹಳೇ ಮನೆ, ಗುಡಿಗಳಿಗೆ ಸಿಮೆಂಟು ಮೆತ್ತುವವರನ್ನು ಕಂಡಾಗಲೆಲ್ಲ ನನಗೆ ಹೊಟ್ಟೆ ಉರಿಯುವುದು ಇದೇ ಕಾರಣಕ್ಕೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಕೆಡವಿ ಕಟ್ಟಿದ್ದನ್ನು ಹಳೆಯದು ಎನ್ನಬಹುದೇ?

ಮಣ್ಣಿನ ಕಟ್ಟಡಕ್ಕೆ ಮೊದಲ ಮೈ ಎಂಬುದೊಂದು ಉಳಿದಿರುವುದೇ ಇಲ್ಲ. ಕೆಲವು ವರ್ಷಕ್ಕೊಮ್ಮೆ ಲೇಪ ಹೊಸದು, ಒಂದೆರಡು ತಲೆಮಾರಿಗೊಮ್ಮೆ ಮಾಳಿಗೆ ಹೊಸದು. ಹಳೆಯದಾಗಿ ಉಳಿಯುವುದು ಕಟ್ಟುವ ಕ್ರಮ, ಅಳತೆ, ಕೈಯ ವಿದ್ಯೆ. ಕಲ್ಲಿನ ಪೇಟೆಯ ಮಾತೇ ಬೇರೆ. ಸಿರಿಯಾದ ಅಲೆಪ್ಪೊದಲ್ಲಿ ಅಲ್ ಮದೀನಾ ಎಂಬ ಮಹಾಪೇಟೆಯಿದೆ. ಅದರ ಗಲ್ಲಿಗಳ ಒಟ್ಟು ಉದ್ದ ಸುಮಾರು 13 ಕಿಲೋಮೀಟರ್. 2012ರ ಸೆಪ್ಟೆಂಬರಿನಲ್ಲಿ ಯುದ್ಧದ ನಡುವೆ ಅದಕ್ಕೆ ಬೆಂಕಿ ಬಿತ್ತು. ಆಮೇಲೆ ಅದರೊಳಗಿನ ಸೂಖ್ ಅಲ್ ಸಖತಿಯ್ಯಾ ಎಂಬ ಒಂದು ಗಲ್ಲಿಯನ್ನು ಆಗಾ ಖಾನ್ ಸಾಂಸ್ಕೃತಿಕ ಸಂಸ್ಥೆಯ ನೆರವಿನಿಂದ ದುರಸ್ತಿ ಮಾಡಿ 2019ರಲ್ಲಿ ತೆರೆದರು. ಅಲ್ಲಿ ಬಿದ್ದ ಕಲ್ಲನ್ನು ಎತ್ತಿ ಇದ್ದ ಜಾಗದಲ್ಲೇ ಇಡಬಹುದಿತ್ತು. ಕಮಾನು ಎಲ್ಲಿ ತಿರುಗುತ್ತಿತ್ತು ಎಂಬುದಕ್ಕೆ ಉಳಿದ ಅರ್ಧ ಕಮಾನೇ ಸಾಕ್ಷಿ. ಆದರೆ ವ್ಯಾಪಾರಿಗಳು ಊರೂರು ಪಾಲಾಗಿದ್ದರು. ಕಲ್ಲು ಬಂದಷ್ಟು ಬೇಗ ಜನ ಬರಲಿಲ್ಲ. ದೋಹಾದ ಕತೆ ಇದಕ್ಕೆ ತಿರುವುಮುರುವು. ಅಲ್ಲಿ ಜನ, ವ್ಯಾಪಾರ ಇದ್ದವು, ಗೋಡೆಯನ್ನು ಮತ್ತೆ ಮಾಡಬೇಕಾಯಿತು.

ನಮ್ಮ ಕೆಲಸಕ್ಕೆ ದಾರಿ ತೋರುವ ದಾಖಲೆಗಳಲ್ಲಿ 1964ರ ವೆನಿಸ್ ಸನ್ನದು ಮುಖ್ಯವಾದದ್ದು. ಊಹೆ ಎಲ್ಲಿ ಶುರುವಾಗುತ್ತದೋ ಅಲ್ಲಿ ಜೀರ್ಣೋದ್ಧಾರ ನಿಲ್ಲಬೇಕು ಎಂದು ಅದು ಹೇಳುತ್ತದೆ. ಆ ಲೆಕ್ಕದಲ್ಲಿ ಸೂಖ್ ವಾಕಿಫ್‌ನ ಹಲವು ಭಾಗಗಳು ಪಾಸಾಗುವುದಿಲ್ಲ. 1994ರಲ್ಲಿ ಜಪಾನಿನ ನಾರಾದಲ್ಲಿ ಒಪ್ಪಿದ ದಾಖಲೆ ಬೇರೆ ಬಾಗಿಲು ತೆರೆಯಿತು. ಯಾವುದು ಅಸಲಿ ಎಂಬುದನ್ನು ಆಯಾ ಸಂಸ್ಕೃತಿಯ ಕಣ್ಣಿನಿಂದ ನೋಡಬೇಕು, ವಸ್ತುವಿನ ಜೊತೆಗೆ ಬಳಕೆ, ಪರಂಪರೆ, ಕೌಶಲವನ್ನೂ ಗಣಿಸಬೇಕು ಎಂದಿತು. ಆ ಬಾಗಿಲಿನಿಂದ ನೋಡಿದರೆ ಸೂಖ್ ವಾಕಿಫ್ ಗಟ್ಟಿಯಾಗಿ ನಿಲ್ಲುತ್ತದೆ. ನಾನು ಈ ಎರಡನೆಯ ಕಡೆಯವನು.

ಆದರೂ ವೆನಿಸ್ ಸನ್ನದಿನ ಇನ್ನೊಂದು ಮಾತನ್ನು ನಾನು ಬಿಟ್ಟುಕೊಡಲಾರೆ. ಕಟ್ಟಡವೊಂದಕ್ಕೆ ಎಲ್ಲ ಕಾಲಗಳೂ ಸೇರಿಸಿದ ಕೊಡುಗೆಯನ್ನು ಗೌರವಿಸಬೇಕು, ಒಂದೇ ಶೈಲಿಗೆ ತಂದು ನಿಲ್ಲಿಸುವುದು ಗುರಿಯಾಗಬಾರದು ಎಂಬುದು ಆ ಮಾತು. ಸೂಖ್ ವಾಕಿಫ್‌ನಲ್ಲಿ ಆದದ್ದು ಹಾಗೆ ಒಂದೇ ಶೈಲಿಗೆ ತರುವ ಕೆಲಸವೇ. ತೈಲಕ್ಕೆ ಮುಂಚಿನ ದೋಹಾವನ್ನು ಆರಿಸಿಕೊಂಡರು. 1950ರ ನಂತರದ್ದೆಲ್ಲ ಕೊಳೆ, ಒರೆಸಿಹಾಕಬೇಕಾದದ್ದು ಎಂದು ಬಗೆದರು. ಯಾರ ಕಾಲ ಅದು? ಭಾರತ, ಪಾಕಿಸ್ತಾನ, ಇರಾನಿನಿಂದ ಜನ ಕೆಲಸ ಹುಡುಕಿಕೊಂಡು ಹೆಚ್ಚು ಹೆಚ್ಚಾಗಿ ಬಂದ ಕಾಲ. ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಮನೆಗಳಲ್ಲಿ ಕೊಲ್ಲಿಗೆ ಹೋದ ಅಪ್ಪ, ಚಿಕ್ಕಪ್ಪ, ಮಾವಂದಿರ ನೆನಪು ಶುರುವಾಗುವುದೇ ಆ ದಶಕಗಳಿಂದ. ಸಿಮೆಂಟಿನ ಕಟ್ಟೆ, ತಗಡಿನ ಮಾಡು, ಕಾಂಕ್ರೀಟಿನ ಪುಟ್ಟ ಅಂಗಡಿ ಅವರು ಕಂಡ ದೋಹಾ. ಅವರಲ್ಲೊಬ್ಬರು ಇಂದು ಮೊಮ್ಮಗನ ಕೈ ಹಿಡಿದು ಸೂಖ್ ವಾಕಿಫ್‌ಗೆ ಬಂದರೆ ತಮ್ಮ ಕಾಲದ ಒಂದು ಗೋಡೆಯನ್ನೂ ಗುರುತಿಸಲಾರರು. ತಗಡು ಚಂದವಿರಲಿಲ್ಲ, ಗೋಡೆಗೆ ಒಳ್ಳೆಯದೂ ಮಾಡುತ್ತಿರಲಿಲ್ಲ, ಒಪ್ಪುತ್ತೇನೆ. ಆದರೂ ಒಂದು ಗಲ್ಲಿಯನ್ನಾದರೂ ಇದ್ದಂತೆ ಉಳಿಸಬಹುದಿತ್ತು. ಪೇಟೆಯ ಇತಿಹಾಸದಲ್ಲಿ ಆ ಅರ್ಧ ಶತಮಾನವೂ ಸೇರಿದೆ.

ಇಷ್ಟು ಹೇಳಿದ ಮೇಲೂ ಅದನ್ನು ಸೆಟ್ಟು ಎನ್ನಲು ನನ್ನ ಬಾಯಿ ಬರುವುದಿಲ್ಲ. ಸೆಟ್ಟಿನಲ್ಲಿ ವ್ಯಾಪಾರ ನಟನೆ, ಇಲ್ಲಿ ಅದು ಹೊಟ್ಟೆಪಾಡು. ಪ್ರವಾಸಿಗರು ಕೂರುವ ಹೋಟೆಲ್ಲಿನ ಮುಖ್ಯ ಬೀದಿಯಿಂದ ಎರಡು ತಿರುವು ಒಳಗೆ ಹೋಗಿ. ಮದುವೆ ಊಟಕ್ಕೆ ಅನ್ನ ಬೇಯಿಸುವ ದೊಡ್ಡ ಹಂಡೆಗಳು, ಹಗ್ಗ, ಒಣ ನಿಂಬೆ, ಅರಿಶಿನ, ಏಲಕ್ಕಿ, ಲೋಬಾನ, ಪಂಜರದ ಹಕ್ಕಿಗಳು. ಬೇಟೆಯ ಡೇಗೆಗಳನ್ನು ಮಾರುವ ಅಂಗಡಿಗಳಿವೆ, ಅವುಗಳ ಚಿಕಿತ್ಸೆಗೆ ಅಲ್ಲೇ ಆಸ್ಪತ್ರೆಯೂ ಇದೆ. ಅರಬ್ಬರ ಹಬ್ಬದ ಮೇಲಂಗಿ ಬಿಷ್ತ್ ಹೊಲಿಯುವವರಿದ್ದಾರೆ. 2022ರ ಡಿಸೆಂಬರ್ 18ರಂದು ಲುಸೈಲ್ ಕ್ರೀಡಾಂಗಣದಲ್ಲಿ ಫುಟ್‌ಬಾಲ್ ವಿಶ್ವಕಪ್ ಎತ್ತುವ ಮುಂಚೆ ಮೆಸ್ಸಿಯ ಹೆಗಲಿಗೆ ಹೊದಿಸಿದ ಕಪ್ಪು ಬಿಷ್ತ್ ಇದೇ ಪೇಟೆಯ ಅಂಗಡಿಯದು. ಮಧ್ಯಾಹ್ನ ಹೋದರೆ ಬಾಗಿಲುಗಳು ಮುಚ್ಚಿರುತ್ತವೆ. ಬಿಸಿಲಿನ ಹೊತ್ತು ಮಲಗಿ, ಸಂಜೆ ನಾಲ್ಕರ ಸುಮಾರಿಗೆ ತೆರೆಯುವ ಹಳೆಯ ದಿನಚರಿಯನ್ನು ಪೇಟೆ ಬಿಟ್ಟಿಲ್ಲ.

ಒಂಟಿಗಾಲಿಯ ಕೈಗಾಡಿ ತಳ್ಳುತ್ತ ಸಾಮಾನು ಹೊತ್ತು ಕೊಡುವವರನ್ನು ನೀವು ನೋಡಿರುತ್ತೀರಿ, ಅವರನ್ನು ಅಲ್ಲಿ ಹಮ್ಮಾಲಿ ಎನ್ನುತ್ತಾರೆ. ನಮ್ಮ ಎಪಿಎಂಸಿ ಯಾರ್ಡಿನ ಹಮಾಲಿಯೂ ಅದೇ ಅರಬ್ಬಿ ಪದ. ದಲ್ಲಾಳಿ, ಅತ್ತರು, ದುಕಾನು ಇವೂ ಅದೇ ನಂಟಿನವು. ಸರಕಿನಂತೆ ಮಾತೂ ಊರೂರು ಸುತ್ತುತ್ತದೆ.

ಒಂದು ಆತಂಕ ನನಗಿದೆ. ಹಳೆಯ ಕಟ್ಟಡಗಳಲ್ಲಿ ಕೆಲವು ಈಗ ದುಬಾರಿ ವಸತಿಗೃಹಗಳಾಗಿವೆ. ಕಾಫಿ, ಊಟದ ಅಂಗಡಿಗಳು ಮುಖ್ಯ ಬೀದಿಯನ್ನು ಪೂರ್ತಿ ತುಂಬಿವೆ. ಹಗ್ಗ ಮಾರುವವನಿಗಿಂತ ಐಸ್‌ಕ್ರೀಂ ಮಾರುವವನು ಹೆಚ್ಚು ಬಾಡಿಗೆ ಕೊಡಬಲ್ಲ. ಹಗ್ಗದ ಅಂಗಡಿ ಎದ್ದು ಹೋದ ದಿನ ನಿಮ್ಮ ಅಮ್ಮನ ಅನುಮಾನಕ್ಕೆ ನನ್ನ ಬಳಿ ಉತ್ತರ ಇರುವುದಿಲ್ಲ. ಅದಕ್ಕೇ ನಿಮ್ಮಂಥ ದೋಹಾ ನಿವಾಸಿಗಳು ಅಲ್ಲಿ ಕಾಫಿಯ ಜೊತೆಗೆ ಮನೆಗೆ ಬೇಕಾದ ಕೊತ್ತಂಬರಿ, ಏಲಕ್ಕಿಯನ್ನೂ ಕೊಳ್ಳಿ ಎಂದು ನಾನು ಒತ್ತಾಯ ಮಾಡುತ್ತೇನೆ.

ನಿಮ್ಮ ಸಹೋದ್ಯೋಗಿಗಳಿಬ್ಬರಿಗೂ ಹೀಗೆ ಹೇಳಬಹುದು. 2006 ಎಂದವರು ನೋಡಿದ್ದು ಲೇಪವನ್ನು, ನೂರು ವರ್ಷ ಎಂದವರು ಹೇಳಿದ್ದು ಜಾಗದ ವಿಷಯ. ಅಮ್ಮ ಮತ್ತೊಮ್ಮೆ ಬಂದರೆ ಸಂಜೆಯ ಗದ್ದಲದಲ್ಲಿ ಬೇಡ, ವಾರದ ನಡುವೆ ಬೆಳಿಗ್ಗೆ ಒಂಬತ್ತಕ್ಕೆ ಕರೆದೊಯ್ಯಿರಿ. ಮೆಟ್ರೋದಲ್ಲಿ ಹೋದರೆ ಪೇಟೆಯ ಹೆಸರಿನದೇ ನಿಲ್ದಾಣವಿದೆ. ಮೊದಲು ಹಂಡೆಗಳ ಗಲ್ಲಿಗೆ ಹೋಗಿ, ಆಮೇಲೆ ಮಸಾಲೆ ಅಂಗಡಿಗಳಿಗೆ. ಇಕ್ಕಟ್ಟಾದ ಒಂದು ಅಂಗಡಿಯಲ್ಲಿ ನಿಂತು ಮೇಲಿನ ಗಳುಗಳನ್ನು ತೋರಿಸಿ, ಇದು ಕಾಂಡ್ಲಾ ಮರ ಎನ್ನಿ. ಕರಾವಳಿಯವರಿಗೆ ಅದು ಗುರುತಿನ ಮರ. ಏಲಕ್ಕಿಯ ಬೆಲೆಯನ್ನು ಅಂಗಡಿಯವನೊಂದಿಗೆ ಅವರೇ ಚೌಕಾಸಿ ಮಾಡಲಿ.